'ಮಾಡಬೇಡಿ' ಅಂದರೆ ಮುಗೀತಾ? ಡಿಸಿ ಮಷಿನ್, ಸಣ್ಣ ಬ್ಯಾಟರಿ ಮತ್ತು ನಾವು ಬರೆಯದ ಅಂಕಿಗಳು

'ಡಿಸಿ ಮಷಿನ್‌ಗೆ ಹಚ್ಚಿ ಬ್ಯಾಟರಿ ಚಾರ್ಜ್ ಮಾಡಬೇಡಿ, ಅಪಾಯ.' ಕಳೆದ ತಿಂಗಳು ನಮ್ಮ ತಾಲ್ಲೂಕು ಕೇಂದ್ರದಲ್ಲಿ ಹಂಚಿದ ಸುರಕ್ಷತಾ ಕರಪತ್ರವೊಂದರಲ್ಲಿ ಮೊಬೈಲ್ ರಿಪೇರಿಯವರಿಗೆಂದು ಇದ್ದದ್ದು ಈ ಒಂದೇ ಸಾಲು. ಯಾಕೆ ಅಪಾಯ, ಎಷ್ಟು ವೋಲ್ಟಿಗೆ ಅಪಾಯ, ಮಾಡಲೇಬೇಕಾಗಿ ಬಂದರೆ ಹೇಗೆ ಮಾಡಬೇಕು, ಒಂದಕ್ಷರ ಇಲ್ಲ. ಇದನ್ನು ಎಚ್ಚರಿಕೆ ಅಂತ ಕರೆಯಲು ನಾನು ಸಿದ್ಧನಿಲ್ಲ. ನಾಳೆ ಏನಾದರೂ ಆದರೆ 'ನಾವು ಹೇಳಿದ್ದೆವಲ್ಲ' ಅನ್ನಲು ಇಟ್ಟುಕೊಂಡ ರಸೀದಿ ಇದು.

ಡಿಸಿ ಮಷಿನ್ ಅಂದರೆ ಗೊತ್ತಿಲ್ಲದವರಿಗೆ: ಮೊಬೈಲ್ ಅಂಗಡಿಯ ಟೇಬಲ್ ಮೇಲೆ ಒಂದು ಕಬ್ಬಿಣದ ಡಬ್ಬಿ ಇರುತ್ತದೆ. ಮುಂದೆ ಎರಡು ಕೆಂಪು ಅಂಕಿಯ ಪರದೆ, ಒಂದು ವೋಲ್ಟ್‌ಗೆ, ಒಂದು ಆಂಪ್‌ಗೆ. ಕೆಳಗೆ ತಿರುಗಿಸುವ ಗುಂಡಿಗಳು. ಕೆಂಪು ಮತ್ತು ಕಪ್ಪು ವೈರು, ತುದಿಗೆ ಮೊಸಳೆ ಬಾಯಿಯ ಕ್ಲಿಪ್ಪು. ಪುಸ್ತಕದ ಭಾಷೆಯಲ್ಲಿ ಬೆಂಚ್ ಪವರ್ ಸಪ್ಲೈ. ಫೋನಿನ ಬೋರ್ಡು ಎಷ್ಟು ಕರೆಂಟ್ ಎಳೆಯುತ್ತಿದೆ, ಎಲ್ಲಿ ಶಾರ್ಟ್ ಆಗಿದೆ ಎಂದು ನೋಡಲು ಇದಿಲ್ಲದೆ ಆಗುವುದಿಲ್ಲ. ಆದ್ದರಿಂದ ಇದು ಎಲ್ಲ ಅಂಗಡಿಯಲ್ಲೂ ಇದೆ. ಇದ್ದ ಮೇಲೆ ಸತ್ತಂತೆ ಬಿದ್ದಿರುವ ಬ್ಯಾಟರಿಯನ್ನು ಇದಕ್ಕೆ ಹಚ್ಚಿಯೇ ಎಬ್ಬಿಸುತ್ತಾರೆ. ಕರಪತ್ರ ಹಂಚಿದ ಮಾರನೆಯ ದಿನವೂ ಹಚ್ಚಿದ್ದಾರೆ, ನೋಡಿದ್ದೇನೆ.

ಬಸ್ ಸ್ಟ್ಯಾಂಡ್ ಹಿಂದಿನ ಒಂದು ಅಂಗಡಿಯ ಹುಡುಗನನ್ನು ಕೇಳಿದೆ, ಎಷ್ಟಕ್ಕೆ ಇಡ್ತೀಯಪ್ಪ ಅಂತ.

"ಅದು ಬ್ಯಾಟ್ರಿ ಮ್ಯಾಲ ಹೋಗ್ತೈತ್ರಿ ಸರ. ಐದಕ್ಕ ಇಡ್ತೀವಿ. ಏಳಲಿಲ್ಲಂದ್ರ ಹನ್ನೆರಡಕ್ಕ ಒಯ್ದು ಎರಡು ಸಲ ಹಿಂಗ ಮುಟ್ಟಸ್ತೀವಿ."

"ಆಂಪ್ ಗುಂಡಿ?"

"ಅದು ಫುಲ್ ಇರ್ತೈತ್ರಿ. ಅದನ್ಯಾಕ ಮುಟ್ಟಾದು?"

ಅವನು ಕಲಿತದ್ದು ಹೈದರಾಬಾದಿನಲ್ಲಿ ಮಾವನ ಅಂಗಡಿಯಲ್ಲಿ, ನೋಡಿ ನೋಡಿ. ಕೈ ಚುರುಕು. ಕೂದಲೆಳೆಯಷ್ಟು ತಂತಿಯನ್ನು ಬೋರ್ಡಿಗೆ ಬೆಸೆಯುತ್ತಾನೆ. ದಡ್ಡ ಅನ್ನುವವರು ಅವನ ಪಕ್ಕ ಒಂದು ತಾಸು ಕೂತು ನೋಡಬೇಕು. ಅವನಿಗೆ ಗೊತ್ತಿಲ್ಲದ್ದು ಎರಡು ಗುಂಡಿಗಳ ಎರಡು ಅಂಕಿಗಳು. ಆ ಅಂಕಿಗಳು ಕನ್ನಡದಲ್ಲಿ ಅವನ ಟೇಬಲ್‌ವರೆಗೆ ಬಂದಿಲ್ಲ. ನನ್ನ ತಕರಾರು ಇಷ್ಟೇ, ಆದರೆ ಇದನ್ನು ಸಣ್ಣ ತಕರಾರು ಅಂತ ನಾನು ಒಪ್ಪುವುದಿಲ್ಲ.

ನಮ್ಮ ರಾಯಚೂರು ಸೀಮೆಯಲ್ಲಿ ತುಂಗಭದ್ರಾ ಡ್ಯಾಂ ತುಂಬುವ ಮಟ್ಟ ಎಷ್ಟು ಅಂತ ಚಹಾ ಅಂಗಡಿಯಲ್ಲಿ ಕೇಳಿ. ಅಕ್ಷರ ಬಾರದವರೂ 1,633 ಅಡಿ ಅಂತಾರೆ. ಒಳಹರಿವು ಎಷ್ಟು ಸಾವಿರ ಕ್ಯೂಸೆಕ್, ಎಡದಂಡೆ ಕಾಲುವೆಗೆ ಎಷ್ಟು ಬಿಟ್ಟರು, ಎಲ್ಲ ಬಾಯಿಪಾಠ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದಾಗ ಇಡೀ ಜಿಲ್ಲೆ ಟಿಎಂಸಿ ಲೆಕ್ಕದಲ್ಲಿ ಮಾತಾಡಿತು. ಇದು ಹೇಗಾಯಿತು? ಐವತ್ತು ವರ್ಷಕ್ಕೂ ಮೇಲೆ ಪತ್ರಿಕೆಗಳು ದಿನಾ ಆ ಅಂಕಿಯನ್ನು ಅಚ್ಚು ಹಾಕಿದ್ದರಿಂದ. ಹತ್ತಿ ದರ ರೂಪಾಯಿ ಲೆಕ್ಕದಲ್ಲಿ, ಮಳೆ ಮಿಲಿಮೀಟರಿನಲ್ಲಿ ಬರೆಯುತ್ತೇವೆ. ಆದರೆ ಬ್ಯಾಟರಿ ವಿಷಯ ಬಂದ ಕೂಡಲೇ 'ಮೊಬೈಲ್ ಸ್ಫೋಟ, ಯುವಕನಿಗೆ ಗಾಯ' ಅಂತ ಆರು ಸಾಲು, ಕೊನೆಗೆ 'ಸ್ಫೋಟಕ್ಕೆ ನಿಖರ ಕಾರಣ ತಿಳಿದುಬಂದಿಲ್ಲ'. ತಿಳಿದುಬರಲು ಯಾರಾದರೂ ಕೇಳಿರಬೇಕಲ್ಲ? ಮಂಡ್ಯ ಜಿಲ್ಲೆಯ ನೆಲದಲ್ಲಿ 1,600 ಟನ್ ಲಿಥಿಯಂ ಇದೆ ಅಂದಾಗ 'ಬಿಳಿ ಚಿನ್ನ' ಅಂತ ಮುಖಪುಟದಲ್ಲಿ ಕುಣಿದವರಿಗೆ, ಓದುಗನ ಅಂಗಿ ಜೇಬಿನಲ್ಲಿರುವ ಲಿಥಿಯಂ ಬಗ್ಗೆ ಒಂದು ಅಂಕಿ ಬರೆಯಲು ಜಾಗ ಸಿಗುವುದಿಲ್ಲ.

ಆ ಅಂಕಿ 4.2. ಮೊಬೈಲಿನ, ಟಾರ್ಚಿನ, ಸಣ್ಣ ಸ್ಪೀಕರಿನ ಸಾಮಾನ್ಯ ಲಿಥಿಯಂ ಅಯಾನ್ ಸೆಲ್ಲು ತುಂಬುವ ಮಟ್ಟ 4.2 ವೋಲ್ಟ್. ಬ್ಯಾಟರಿ ಮೇಲೆ 3.7 ಅಂತ ಬರೆದಿರುತ್ತದೆ. ಅದು ಬಳಸುವಾಗಿನ ಸರಾಸರಿ, ತುಂಬುವ ಮಟ್ಟ ಅಲ್ಲ. ಇದೊಂದು ಗೊಂದಲವೇ ಎಷ್ಟೋ ಜನರನ್ನು ದಾರಿ ತಪ್ಪಿಸಿದೆ.

ಕೆರೆ ತುಂಬಿಸುವ ಕಾಲುವೆ ನೋಡಿದವರಿಗೆ ಉಳಿದದ್ದು ತಾನೇ ಅರ್ಥವಾಗುತ್ತದೆ. ವೋಲ್ಟ್ ಅಂದರೆ ನೀರಿನ ಮಟ್ಟ. ಆಂಪ್ ಅಂದರೆ ಕಾಲುವೆಯ ಹರಿವು. ಕೆರೆ ಖಾಲಿ ಇರುವಾಗ ಹರಿವು ಇಷ್ಟೇ ಇರಲಿ ಅಂತ ತೂಬು ಕಟ್ಟಿ ಬಿಡಬೇಕು. ಮಟ್ಟ 4.2ಕ್ಕೆ ಬಂದ ಮೇಲೆ ಮಟ್ಟವನ್ನು ಅಲ್ಲೇ ಹಿಡಿದು, ಹರಿವು ತಾನಾಗಿ ಸಣ್ಣದಾಗುತ್ತ ಬರಲು ಬಿಡಬೇಕು. ಹನಿಯಷ್ಟಾದಾಗ ತೂಬು ಮುಚ್ಚಬೇಕು. ಎಲ್ಲ ಒಳ್ಳೆಯ ಚಾರ್ಜರೂ ಮಾಡುವುದು ಇಷ್ಟೇ. ಒಂದೇ ವ್ಯತ್ಯಾಸ: ನಮ್ಮ ಕೆರೆಗಳಿಗೆ ಕೋಡಿ ಇದೆ, ಈ ಕೆರೆಗೆ ಕೋಡಿ ಇಲ್ಲ. 4.2 ದಾಟಿ ನೂಕಿದರೆ ಧನ ಧ್ರುವದಲ್ಲಿ ಉಳಿಯಬೇಕಾಗಿದ್ದ ಲಿಥಿಯಂ ಕೂಡ ಹೊರಟುಬಿಡುತ್ತದೆ, ಅಲ್ಲಿನ ಆಕ್ಸೈಡ್ ಕುಸಿದು ಆಮ್ಲಜನಕ ಬಿಡತೊಡಗುತ್ತದೆ. ಈ ಕಡೆ ಗ್ರಾಫೈಟಿನಲ್ಲಿ ಜಾಗ ಸಾಲದೆ ಲಿಥಿಯಂ ಮೇಲ್ಮೈಯಲ್ಲೇ ಲೋಹವಾಗಿ ಕೂರುತ್ತದೆ. ನಡುವೆ ಇರುವ ದ್ರಾವಣ ಬೆಂಕಿ ಹತ್ತುವಂಥದ್ದು. ಆಮ್ಲಜನಕ, ಉರಿಯುವ ದ್ರಾವಣ, ಕಾವು ಮೂರೂ ಒಂದೇ ಡಬ್ಬಿಯಲ್ಲಿ. 'ನಿಖರ ಕಾರಣ' ಬೇಕಾದವರು ಇಲ್ಲಿಂದ ಶುರು ಮಾಡಬಹುದು.

ಈಗ ಆ ಹುಡುಗನ ಹನ್ನೆರಡು ವೋಲ್ಟಿಗೆ ಬರೋಣ. ಬ್ಯಾಟರಿ 3 ವೋಲ್ಟ್‌ನಲ್ಲಿದೆ, ಒಳಗಿನ ತಡೆ 0.15 ಓಮ್ ಅಂದುಕೊಳ್ಳಿ. 5 ವೋಲ್ಟಿಗೆ ಇಟ್ಟರೂ ವ್ಯತ್ಯಾಸ 2 ವೋಲ್ಟ್, ಅದನ್ನು 0.15ರಿಂದ ಭಾಗಿಸಿದರೆ 13 ಆಂಪ್ ಹರಿಯಲು ನೋಡುತ್ತದೆ. 12ಕ್ಕೆ ಇಟ್ಟರೆ 60. ಮಷಿನ್ 5 ಆಂಪಿನದು, ಹಾಗಾಗಿ 5ಕ್ಕೆ ನಿಲ್ಲುತ್ತದೆ. ಹಾಗಂತ 5 ಏನು ಕಡಿಮೆಯೇ? ಕೀಪ್ಯಾಡ್ ಫೋನಿನ 1,020 ಎಂಎಎಚ್ ಬ್ಯಾಟರಿಗೆ ಅರ್ಧ ಆಂಪ್ ಸಾಕು. ಇದು ಅದರ ಹತ್ತು ಪಟ್ಟು. ಹತ್ತು ಕ್ಯೂಸೆಕ್ ತೂಬಿಗೆ ನೂರು ಬಿಟ್ಟಂತೆ. ಅವನು 'ಅದನ್ಯಾಕ ಮುಟ್ಟಾದು' ಅಂದ ಗುಂಡಿಯೇ ಈ ಇಡೀ ಆಟದಲ್ಲಿ ಜೀವ ಉಳಿಸುವ ಗುಂಡಿ.

'ಅದಕ್ಕೇ ಮಾಡಬೇಡಿ ಅಂದದ್ದು' ಅನ್ನುತ್ತೀರಿ. ಅಲ್ಲ. ಯೋಚಿಸಿ ನೋಡಿ. ವೋಲ್ಟ್ ಎಷ್ಟು, ಆಂಪ್ ಎಷ್ಟು ಅಂತ ಎರಡನ್ನೂ ಕಣ್ಣಿಗೆ ಕಾಣುವಂತೆ ತೋರಿಸುವ, ಎರಡಕ್ಕೂ ಮಿತಿ ಹಾಕಲು ಬಿಡುವ ಯಂತ್ರ ಆ ಅಂಗಡಿಯಲ್ಲಿ ಇದೊಂದೇ. ಇದನ್ನು ಬಿಡಿ ಅಂದರೆ ಹುಡುಗ ಏನು ಮಾಡುತ್ತಾನೆ? ಹಳೇ ಯುಎಸ್‌ಬಿ ವೈರು ಕತ್ತರಿಸಿ ಕೆಂಪು ಕಪ್ಪು ನೇರ ಹಚ್ಚುತ್ತಾನೆ. ಅಲ್ಲಿ 5 ವೋಲ್ಟ್, ಅಂಕಿ ಕಾಣುವುದಿಲ್ಲ, ಗುಂಡಿಯೂ ಇಲ್ಲ. ಕಣ್ಣಿರುವ ಯಂತ್ರ ಕಸಿದು ಕುರುಡು ವೈರು ಕೊಟ್ಟಂತಾಯಿತು. ಇದನ್ನು ಸುರಕ್ಷತೆ ಅಂತಾರಾ?

ಸರಿಯಾದ ದಾರಿ ಬರೆಯಲು ಒಂದು ಪುಟ ಸಾಕು. ನಿವೃತ್ತ ಐಟಿಐ ಮೇಷ್ಟ್ರೊಬ್ಬರ ಬಳಿ ಎರಡು ಭಾನುವಾರ ಕೂತು, ಅವರ ಟೇಬಲ್ ಮೇಲೆಯೇ ಮಾಡಿ ನೋಡಿ ಬರೆದುಕೊಂಡದ್ದು ಇದು.

ಮೊದಲು ಬ್ಯಾಟರಿಯ ಮುಖ ನೋಡಬೇಕು. ಉಬ್ಬಿದ್ದರೆ, ತೂತಾಗಿದ್ದರೆ, ಸಿಹಿ ವಾಸನೆ ಬರುತ್ತಿದ್ದರೆ ಅಲ್ಲಿಗೆ ಮುಗಿಯಿತು, ಯಾವ ಯಂತ್ರಕ್ಕೂ ಹಚ್ಚಬಾರದು. ಗಿರಾಕಿ ಕೈಮುಗಿದರೂ ಹಚ್ಚಬಾರದು. ಆಮೇಲೆ ಮಲ್ಟಿಮೀಟರಿನಿಂದ ವೋಲ್ಟ್ ಅಳೆಯಬೇಕು. ಹೊರಗಿನ ಪಿನ್ನುಗಳಲ್ಲಿ ಸೊನ್ನೆ ಬಂತು ಅಂದರೆ ಬ್ಯಾಟರಿ ಸತ್ತಿದೆ ಅಂತ ಅರ್ಥ ಅಲ್ಲ. ಒಳಗೆ ಬೆರಳುಗುರಿನಷ್ಟು ಅಗಲದ ಒಂದು ರಕ್ಷಣಾ ಬೋರ್ಡು ಇರುತ್ತದೆ. ಸೆಲ್ಲಿನ ಮಟ್ಟ ಸುಮಾರು 2.4ಕ್ಕೆ ಇಳಿದರೆ ಅದು ಬಾಗಿಲು ಹಾಕಿಕೊಳ್ಳುತ್ತದೆ. 4.3ರ ಆಸುಪಾಸಿಗೆ ಏರಿದರೂ ಹಾಕಿಕೊಳ್ಳುತ್ತದೆ. ಹನ್ನೆರಡು ವೋಲ್ಟಿನ ಏಟು ಕೊಟ್ಟಾಗ 'ಎದ್ದಿತು' ಅನ್ನುತ್ತಾರಲ್ಲ, ಎಷ್ಟೋ ಸಲ ಅದು ಎದ್ದದ್ದಲ್ಲ, ಬಾಗಿಲು ತೆರೆದದ್ದು. ಅದಕ್ಕೆ 4 ವೋಲ್ಟು, ಚಿಟಿಕೆಯಷ್ಟು ಕರೆಂಟು ಸಾಕಾಗುತ್ತಿತ್ತು. ಕೆಲವರು ಇನ್ನೂ ಮುಂದೆ ಹೋಗಿ ಟೇಪು ಸುಲಿದು, ಬೋರ್ಡು ಬದಿಗೆ ಸರಿಸಿ ನೇರ ಸೆಲ್ಲಿಗೇ ಹಚ್ಚುತ್ತಾರೆ. ಅಲ್ಲಿ ಅಳೆಯಿರಿ, ತಪ್ಪಿಲ್ಲ. ಅಲ್ಲಿಂದ ಚಾರ್ಜ್ ಮಾಡಿದರೆ ಕೊನೆಯ ಕಾವಲುಗಾರನನ್ನೂ ಮನೆಗೆ ಕಳಿಸಿದ ಹಾಗೆ.

ಸೆಲ್ಲು 3 ವೋಲ್ಟಿಗಿಂತ ಮೇಲಿದ್ದರೆ ನಿಶ್ಚಿಂತೆ. 2ರಿಂದ 3ರ ನಡುವೆ ಇದ್ದರೆ ಅದು ಉಪವಾಸ ಬಿದ್ದವನ ಹೊಟ್ಟೆ, ಗಂಜಿ ಕುಡಿಸಬೇಕು, ಹೋಳಿಗೆ ಅಲ್ಲ. 1,020 ಎಂಎಎಚ್ ಬ್ಯಾಟರಿಗೆ 50ರಿಂದ 100 ಮಿಲಿಆಂಪ್. 3 ವೋಲ್ಟ್ ದಾಟುವವರೆಗೆ ಅಷ್ಟೇ. ಅರ್ಧ ಗಂಟೆಯಾದರೂ ಮಟ್ಟ ಏರದಿದ್ದರೆ, ಕೈಗೆ ಬೆಚ್ಚಗಾದರೆ ಕೈಬಿಡಬೇಕು. 2ಕ್ಕಿಂತ ಕೆಳಗೆ ತಿಂಗಳುಗಟ್ಟಲೆ ಬಿದ್ದಿದ್ದರೆ ಮುಟ್ಟಲೇಬಾರದು. ಅಷ್ಟು ಇಳಿದಾಗ ಒಳಗಿನ ತಾಮ್ರದ ಹಾಳೆ ಕರಗಲು ಶುರುವಾಗುತ್ತದೆ, ಚಾರ್ಜ್ ಮಾಡುವಾಗ ಆ ತಾಮ್ರ ಎಲ್ಲೆಲ್ಲೋ ಕೂತು ಒಳಗೊಳಗೇ ಶಾರ್ಟ್ ಆಗುತ್ತದೆ. ಇವತ್ತು ಎದ್ದು ಕೂತ ಬ್ಯಾಟರಿ ಮುಂದಿನ ವಾರ ದಿಂಬಿನ ಕೆಳಗೆ ಹೊಗೆಯಾಡುವುದು ಹೀಗೆ. ಅದನ್ನು ಅಂಗಡಿಗೂ ಆ ಹೊಗೆಗೂ ಜೋಡಿಸಿ ನೋಡುವವರು ಯಾರೂ ಇರುವುದಿಲ್ಲ.

ಗುಂಡಿ ತಿರುಗಿಸುವುದು ಬ್ಯಾಟರಿ ಹಚ್ಚುವ ಮೊದಲು. ಕ್ಲಿಪ್ಪು ಬಿಡಿಯಾಗಿರುವಾಗ ವೋಲ್ಟ್ 4.2ಕ್ಕೆ. ಮಷಿನ್ನಿನ ಪರದೆಯನ್ನು ನಂಬಬೇಡಿ, ಕ್ಲಿಪ್ಪಿಗೆ ಮಲ್ಟಿಮೀಟರ್ ಹಿಡಿದು ನೋಡಿ. ಅಗ್ಗದ ಮಷಿನ್ 4.2 ತೋರಿಸುತ್ತ 4.3 ಕೊಡಬಹುದು. ಬೇರೆ ಕಡೆ ಒಂದು ಪಾಯಿಂಟ್ ವ್ಯತ್ಯಾಸ ಏನೂ ಅಲ್ಲ, ಇಲ್ಲಿ ಅದೇ ಎಲ್ಲ. ಮೇಷ್ಟ್ರು 4.1ಕ್ಕೇ ಇಡುತ್ತಾರೆ. ಹತ್ತರಲ್ಲಿ ಒಂದು ಪಾಲು ಕಡಿಮೆ ತುಂಬುತ್ತದೆ, ಆದರೆ ಬ್ಯಾಟರಿ ಹೆಚ್ಚು ದಿನ ಬಾಳುತ್ತದೆ, ಮೀಟರಿನ ಸುಳ್ಳಿಗೂ ಜಾಗ ಉಳಿಯುತ್ತದೆ. ನನಗೂ ಅದೇ ಸರಿ ಕಾಣುತ್ತದೆ. ಆಂಪ್ ಕಟ್ಟಲು ಎರಡೂ ಕ್ಲಿಪ್ಪನ್ನು ಒಂದಕ್ಕೊಂದು ಕಚ್ಚಿಸಿ, ಪರದೆಯಲ್ಲಿ 0.50 ಬರುವವರೆಗೆ ಆಂಪ್ ಗುಂಡಿ ತಿರುಗಿಸಬೇಕು. ಈ ಮಷಿನ್‌ಗಳನ್ನು ಹಾಗೆ ಮಾಡಲೆಂದೇ ಕಟ್ಟಿರುತ್ತಾರೆ, ಹೆದರಬೇಕಿಲ್ಲ. ಆಮೇಲೆ ಕೆಂಪು ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ. ಅದಲು ಬದಲಾದರೆ ಇದುವರೆಗೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ.

ಹಚ್ಚಿದ ಮೇಲೆ ಮೊದಲು ಆಂಪ್ 0.50ರಲ್ಲೇ ನಿಂತು ವೋಲ್ಟ್ ಮೆಲ್ಲಗೆ ಏರುತ್ತದೆ. ಬಹಳ ಮಷಿನ್‌ಗಳಲ್ಲಿ ಆಗ ಒಂದು ದೀಪ ಉರಿಯುತ್ತಿರುತ್ತದೆ. ಮಟ್ಟ ಮುಟ್ಟಿದ ಕೂಡಲೇ ಆ ದೀಪ ಆರಿ ಪಕ್ಕದ್ದು ಹತ್ತಿಕೊಳ್ಳುತ್ತದೆ, ಆಂಪ್ ಇಳಿಯಲು ಶುರು. 0.05ಕ್ಕೆ ಬಂದಾಗ ತೆಗೆಯಬೇಕು. ಸುಮಾರು ಮೂರು ತಾಸಿನ ಕೆಲಸ. ಮಷಿನ್ ತಾನಾಗಿ ನಿಲ್ಲಿಸುವುದಿಲ್ಲ, ರಾತ್ರಿಯಿಡೀ ಹಿಡಿದುಕೊಂಡೇ ಕೂತಿರುತ್ತದೆ. ಆದ್ದರಿಂದ ಹಚ್ಚಿ ಊಟಕ್ಕೆ ಹೋಗುವ ಹಾಗಿಲ್ಲ. ತೆಗೆಯುವಾಗ ಮೊದಲು ಬ್ಯಾಟರಿ, ಆಮೇಲೆ ಮಷಿನ್ ಸ್ವಿಚ್ಚು.

ಈ ಕೊನೆಯ ಮಾತು ನಮ್ಮ ಕಡೆ ಬಹಳ ಮುಖ್ಯ. ಶಕ್ತಿನಗರದಲ್ಲಿ 1,720 ಮೆಗಾವಾಟ್ ಸಾಮರ್ಥ್ಯದ ಸ್ಥಾವರ ಇಟ್ಟುಕೊಂಡ ಜಿಲ್ಲೆ ನಮ್ಮದು, ಆದರೂ ಕರೆಂಟ್ ಹೋಗುವುದಕ್ಕೆ ಹೊತ್ತು ಗೊತ್ತಿಲ್ಲ. ಕರೆಂಟ್ ಹೋದರೆ ಬ್ಯಾಟರಿಯಿಂದ ಮಷಿನ್‌ಗೆ ಹಿಮ್ಮುಖ ಹರಿಯಬಹುದು, ತುಂಬಿದ ಕೆರೆ ಕಾಲುವೆಗೆ ವಾಪಸ್ ಬಿದ್ದ ಹಾಗೆ. ಮರಳಿ ಬಂದಾಗ ಒಂದೊಂದು ಮಷಿನ್ ಒಂದೊಂದು ಥರ ವರ್ತಿಸುತ್ತದೆ. ಕರೆಂಟ್ ಹೋದ ಕ್ಷಣ ಕ್ಲಿಪ್ಪು ಕಳಚಬೇಕು, ಅದಕ್ಕೂ ಪಕ್ಕದಲ್ಲಿ ಮನುಷ್ಯ ಇರಬೇಕು. ಇನ್ನೊಂದು ಬಿಸಿಲು. ಲಿಥಿಯಂ ಸೆಲ್ಲನ್ನು ಚಾರ್ಜ್ ಮಾಡುವ ಮೇಲಿನ ಮಿತಿ ಸಾಮಾನ್ಯವಾಗಿ 45 ಡಿಗ್ರಿ. ಮೇ ತಿಂಗಳ ರಾಯಚೂರಿನಲ್ಲಿ ತಗಡಿನ ಛಾವಣಿಯ ಅಂಗಡಿಯೊಳಗೆ ಮಧ್ಯಾಹ್ನ ಎರಡಕ್ಕೆ ಎಷ್ಟಿರುತ್ತದೆ ಅಂತ ನಾನು ಹೇಳಬೇಕಾ? ಫೋನಿನ ಬ್ಯಾಟರಿಗೆ ಮೂರನೆಯ, ನಾಲ್ಕನೆಯ ಪಿನ್ ಇರುವುದು ಯಾಕೆ ಅಂತ ಹುಡುಗರು ಕೇಳುತ್ತಾರೆ. ಒಂದು ಪಿನ್ನು ಒಳಗಿನ ಕಾವು ಹೇಳಲು. ಫೋನು ಅದನ್ನು ಓದಿ ಚಾರ್ಜ್ ನಿಲ್ಲಿಸುತ್ತದೆ, ಡಿಸಿ ಮಷಿನ್ ಓದುವುದಿಲ್ಲ. ಬೇಸಿಗೆಯಲ್ಲಿ ಈ ಕೆಲಸ ಬೆಳಿಗ್ಗೆ ಮಾಡಿ ಅಂತ ಯಾವ ಬೆಂಗಳೂರಿನ ತಜ್ಞರೂ ಬರೆಯುವುದಿಲ್ಲ, ಅವರ ಲ್ಯಾಬಿನಲ್ಲಿ ಏಸಿ ಇರುತ್ತದೆ.

ಎಲ್ಲ ಬ್ಯಾಟರಿಗೂ 4.2 ಅಲ್ಲ ಎಂಬುದನ್ನೂ ಹೇಳಿಬಿಡಬೇಕು, ಇಲ್ಲದಿದ್ದರೆ ನಾನೂ ಆ ಕರಪತ್ರದವರ ಸಾಲಿಗೆ ಸೇರುತ್ತೇನೆ. ಹೊಸ ಸ್ಮಾರ್ಟ್‌ಫೋನ್ ಬ್ಯಾಟರಿಗಳಲ್ಲಿ 4.35, 4.4, ಅದಕ್ಕೂ ಮೇಲಿನವು ಇವೆ. ಸೌರದೀಪ, ಕೆಲವು ಸ್ಪ್ರೇಯರುಗಳಲ್ಲಿ ಬರುವ ಲಿಥಿಯಂ ಐರನ್ ಫಾಸ್ಫೇಟ್ ಸೆಲ್ಲಿಗೆ 3.65ಕ್ಕೇ ಮುಗಿಯಿತು, ಅದರ ಮೇಲೆ 3.2 ಅಂತ ಬರೆದಿರುತ್ತದೆ. ಕಿವಿಗೆ ಹಾಕುವ ಪುಟ್ಟ ಇಯರ್‌ಬಡ್ಡಿನ ಸೆಲ್ಲು 40 ಎಂಎಎಚ್ ಇದ್ದರೆ ಅದಕ್ಕೆ ಬೇಕಾದದ್ದು 20 ಮಿಲಿಆಂಪ್. 5 ಆಂಪಿನ ಮಷಿನ್ ಪರದೆಯಲ್ಲಿ ಅದು 0.02. ಆ ಮಷಿನ್ನಿನ ತಪ್ಪೇ ಅಷ್ಟಿರಬಹುದು. ಗುಂಡಿ ಒಂದು ಕೂದಲು ಹೆಚ್ಚು ತಿರುಗಿದರೆ ಸೆಲ್ಲು ಉಬ್ಬುತ್ತದೆ. ಅಂಥದ್ದಕ್ಕೆ ಈ ಡಬ್ಬಿ ಬೇಡವೇ ಬೇಡ.

ಹಾಗಾದರೆ ಏನು? ಟಿಪಿ4056 ಅನ್ನುವ ಚಿಪ್ಪಿನ ಸಣ್ಣ ಬೋರ್ಡು ಸಿಗುತ್ತದೆ, ಚಹಾ ಬಜ್ಜಿ ದುಡ್ಡಿಗೆ. 4.2ಕ್ಕೆ ತಾನೇ ಮಟ್ಟ ಹಿಡಿದು, ಕರೆಂಟು ಹತ್ತರಲ್ಲೊಂದಕ್ಕೆ ಇಳಿದಾಗ ತಾನೇ ನಿಲ್ಲಿಸುತ್ತದೆ. ಬಹಳ ಅಂಗಡಿಯಲ್ಲಿ ಇದೆ. ಆದರೆ ಅದರಲ್ಲೂ ಒಂದು ಗುಟ್ಟು: ಬರುವಾಗಲೇ 1.2 ಕಿಲೋಓಮಿನ ಒಂದು ರೆಸಿಸ್ಟರ್ ಕೂರಿಸಿರುತ್ತಾರೆ, ಹಾಗಾಗಿ ಅದು 1 ಆಂಪ್ ಕೊಡುತ್ತದೆ. ಆ ರೆಸಿಸ್ಟರ್ ಬದಲಿಸಿ 2 ಕಿಲೋಓಮ್ ಹಾಕಿದರೆ 580 ಮಿಲಿಆಂಪ್, 5 ಹಾಕಿದರೆ 250, 10 ಹಾಕಿದರೆ 130. ಕೀಪ್ಯಾಡ್ ಬ್ಯಾಟರಿಗೆ 2, ಸಣ್ಣ ಬ್ಲೂಟೂತ್ ಸ್ಪೀಕರಿಗೆ 5. ಇಷ್ಟು ಬರೆದುಕೊಟ್ಟರೆ ಬೆಸುಗೆ ಹಾಕಲು ಆ ಹುಡುಗನಿಗೆ ಐದು ನಿಮಿಷ. ದಿನನಿತ್ಯದ ಚಾರ್ಜಿಂಗಿಗೆ ಅದು, ಬಿದ್ದ ಬ್ಯಾಟರಿಯ ನಾಡಿ ನೋಡಲು, ಗಂಜಿ ಕುಡಿಸಲು ಡಿಸಿ ಮಷಿನ್. ಇದು ನನ್ನ ವಾದ.

ಲೇಬಲ್ಲಿನ ಸುಳ್ಳು ಇನ್ನೊಂದು ಕಥೆ. ಟಾರ್ಚಿಗೆ ಬರುವ 18650 ಸೆಲ್ಲಿನ ಮೇಲೆ 9,900 ಎಂಎಎಚ್ ಅಂತ ಅಚ್ಚು ಹಾಕಿ ಸಂತೆಯಲ್ಲಿ ಮಾರುತ್ತಾರೆ. ಆ ಗಾತ್ರದ ಸೆಲ್ಲಿನಲ್ಲಿ ಒಳ್ಳೆಯ ಕಂಪನಿಯವರಿಗೂ ತುಂಬಲು ಆಗುತ್ತಿರುವುದು ಸುಮಾರು 3,500. 'ಅರ್ಧದಷ್ಟು ಕರೆಂಟ್ ಇಡು' ಅನ್ನುವ ಒಳ್ಳೆಯ ಸಲಹೆಯನ್ನು ಈ ಸುಳ್ಳಿನ ಮೇಲೆ ಲೆಕ್ಕ ಹಾಕಿದರೆ ಸುಮಾರು 5 ಆಂಪ್ ಬರುತ್ತದೆ. ಶಿಸ್ತಿನಿಂದ ಲೆಕ್ಕ ಹಾಕಿದವನೇ ಸುಟ್ಟುಕೊಳ್ಳುತ್ತಾನೆ. ನಮ್ಮ ದೇಶದಲ್ಲಿ ಇಂಥ ಸೆಲ್ಲುಗಳಿಗೆ ಬಿಐಎಸ್ ನೋಂದಣಿ ಕಡ್ಡಾಯ, ಐಎಸ್ 16046 ಅನ್ನುವ ಮಾನದಂಡ ಇದೆ, ಮೇಲೆ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಸಂತೆಯ ಸೆಲ್ಲಿನ ಮೇಲೆ ಆ ಸಂಖ್ಯೆ ಹುಡುಕಿ ನೋಡಿ. ಇದ್ದರೂ ಇಂಗ್ಲಿಷಿನಲ್ಲಿ, ಚೀನಿಯಲ್ಲಿ. ಎಷ್ಟು ವೋಲ್ಟಿಗೆ ನಿಲ್ಲಿಸಬೇಕು ಎಂಬ ಸಾಲು ಇರುವೆ ಗಾತ್ರದ ಅಕ್ಷರದಲ್ಲಿ. ಗುಟ್ಕಾ ಚೀಟಿಯ ಮೇಲೆ ಎಚ್ಚರಿಕೆ ದೊಡ್ಡದಾಗಿರಬೇಕು ಅಂತ ಹೋರಾಡಿದ ದೇಶ ಇದು.

ಯಾರ ಜೀವಕ್ಕೆ ಕುತ್ತು ಅಂತ ಒಮ್ಮೆ ನೋಡಿ. ಐಷಾರಾಮಿ ಫೋನಿನವರು ಈ ಅಂಗಡಿಗೆ ಬರುವುದಿಲ್ಲ. ಬರುವುದು ಕೂಲಿಗೆ ಹೋಗುವ ಹೆಣ್ಣುಮಗಳು, ಕುರಿ ಕಾಯುವ ಅಜ್ಜ. ಆ ಕೀಪ್ಯಾಡ್ ಫೋನಿಗೇ ಗೃಹಲಕ್ಷ್ಮಿ ದುಡ್ಡಿನ ಮೆಸೇಜು, ರೇಷನ್ನಿನ ಓಟಿಪಿ, ದುಡಿಯಲು ಹೋದ ಮಗನ ಕರೆ. 'ಹೊಸಾ ಬ್ಯಾಟ್ರಿ ಬ್ಯಾಡಪ್ಪ, ಇದನ್ನೇ ಒಂದೀಟು ಎಬ್ಬಿಸಿಕೊಡು' ಅನ್ನುತ್ತಾರೆ. ಹೊಸದು ಅಂತ ಕೊಡುವ ಡೂಪ್ಲಿಕೇಟಿನಲ್ಲಿ ಆ ರಕ್ಷಣಾ ಬೋರ್ಡೇ ಇಲ್ಲದಿರುವುದೂ ಉಂಟು. ಹಾಗಾಗಿ ಹಳೆಯದನ್ನು ತಿಳಿದು ಎಬ್ಬಿಸುವುದು ಕೆಲವೊಮ್ಮೆ ಹೊಸದಕ್ಕಿಂತ ಒಳ್ಳೆಯದು. 'ಕಂಪನಿಯ ಸರ್ವಿಸ್ ಸೆಂಟರಿಗೆ ಹೋಗಿ' ಅನ್ನುವ ಸಲಹೆ ಬಸ್ ಚಾರ್ಜಿನಲ್ಲೇ ಸೋಲುತ್ತದೆ.

ಕಂಪನಿಗಳ ಬ್ಯಾಟರಿ ಏನು ಗಂಗೆಯೇ? 2007ರ ಆಗಸ್ಟಿನಲ್ಲಿ ನೋಕಿಯಾ ತನ್ನ ಬಿಎಲ್–5ಸಿ ಬ್ಯಾಟರಿಗಳಲ್ಲಿ 4 ಕೋಟಿ 60 ಲಕ್ಷವನ್ನು ಬದಲಿಸಿಕೊಡುವುದಾಗಿ ಹೇಳಿತು. ಮತ್ಸುಶಿತಾ ಕಂಪನಿ 2005ರ ಡಿಸೆಂಬರಿನಿಂದ 2006ರ ನವೆಂಬರ್ ನಡುವೆ ತಯಾರಿಸಿದ ಸೆಲ್ಲುಗಳು ಚಾರ್ಜ್ ಆಗುವಾಗ ಶಾರ್ಟ್ ಆಗಿ ಕಾಯುತ್ತಿದ್ದವು, ಆಗ ಗೊತ್ತಾಗಿದ್ದ ಪ್ರಕರಣ ಸುಮಾರು ನೂರು. 2016ರಲ್ಲಿ ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ನೋಟ್ 7 ಅನ್ನೇ ಮಾರುಕಟ್ಟೆಯಿಂದ ತೆಗೆಯಬೇಕಾಯಿತು, ಮರುವರ್ಷ ಜನವರಿಯಲ್ಲಿ ಬ್ಯಾಟರಿಯ ದೋಷ ಅಂತ ತಾನೇ ಹೇಳಿತು. ಆ ಎರಡೂ ಸಲ ಜಗತ್ತಿನ ಪತ್ರಿಕೆಗಳು ಯಾವ ಬ್ಯಾಟರಿ, ಯಾರು ತಯಾರಿಸಿದ್ದು, ಯಾವ ತಿಂಗಳದ್ದು ಅಂತ ಬರೆದವು, ಓದುಗ ತನ್ನ ಫೋನ್ ಬಿಚ್ಚಿ ಹೋಲಿಸಿ ನೋಡಿದ. ಕೋಟಿಗಟ್ಟಲೆ ಬ್ಯಾಟರಿಗೆ ಸಿಕ್ಕ ಆ ಮರ್ಯಾದೆ ನಮ್ಮ ಹೋಬಳಿಯಲ್ಲಿ ಸುಟ್ಟ ಒಂದು ಬ್ಯಾಟರಿಗೂ ಸಿಗಲಿ ಅನ್ನುವುದು ಅತಿ ಆಸೆಯೇ?

ಕಲಿಸುವ ಜಾಗ ಇಲ್ಲವೆಂದಲ್ಲ. ಉಜಿರೆಯಲ್ಲಿ 1982ರಲ್ಲಿ ಹುಟ್ಟಿದ ರುಡ್‌ಸೆಟ್ ಮಾದರಿಯಲ್ಲೇ ಇವತ್ತು ಜಿಲ್ಲೆಗೊಂದು ಸ್ವಉದ್ಯೋಗ ತರಬೇತಿ ಸಂಸ್ಥೆ ಇದೆ, ಮೊಬೈಲ್ ರಿಪೇರಿ ಉಚಿತವಾಗಿ ಕಲಿಸುತ್ತಾರೆ, ಊಟ ವಸತಿಯನ್ನೂ ಕೊಡುತ್ತಾರೆ. ಅಲ್ಲಿಗೆ ಹೋಗದೆ ಮಾವನ ಅಂಗಡಿಯಲ್ಲೇ ಕಲಿತವರಿಗೆ ಏನು? ಅವರಿಗೆ ಪತ್ರಿಕೆಯೇ ಶಾಲೆ. ಪುತ್ತೂರಿನ ಅಡಿಕೆ ಪತ್ರಿಕೆ 1988ರಿಂದ ಏನು ಮಾಡಿತು ಅಂತ ನಮಗೆಲ್ಲ ಪಾಠದಲ್ಲೇ ಹೇಳಿದ್ದಾರೆ: ಕೃಷಿಕರ ಕೈಗೆ ಲೇಖನಿ ಕೊಟ್ಟಿತು. ತೋಟದ ಅಂಕಿ ಅಂಶ ತೋಟದವನೇ ಬರೆದ, ಇನ್ನೊಬ್ಬ ತೋಟದವನು ಓದಿದ. ಗ್ರಾಮೀಣ ಪತ್ರಿಕೋದ್ಯಮ ಅಂದರೆ ಅದು ಅಂತ ಉತ್ತರ ಪತ್ರಿಕೆಯಲ್ಲಿ ಬರೆದು ಪಾಸಾಗಿದ್ದೇವೆ. ಬೆಸುಗೆ ಕಡ್ಡಿ ಹಿಡಿದವನ ಕೈಗೆ ಯಾಕೆ ಯಾರೂ ಲೇಖನಿ ಕೊಡಲಿಲ್ಲ? ಹಳ್ಳಿಯ ಕಸುಬು ಅಂದರೆ ನೇಗಿಲು, ಮಗ್ಗ, ತಿರುಗಣಿ ಇಷ್ಟೇ ಅಂತ ನಮ್ಮ ತಲೆಯಲ್ಲಿ ಇನ್ನೂ ಕೂತಿದೆ. ಬಸ್ ಸ್ಟ್ಯಾಂಡಿನ ಮೊಬೈಲ್ ಅಂಗಡಿ ನಮ್ಮ ಫೀಚರ್ ಪುಟಕ್ಕೆ ಚಂದ ಕಾಣುವುದಿಲ್ಲ.

'ಅಪಾಯದ ವಿದ್ಯೆ ಬರೆದರೆ ಮಕ್ಕಳು ಮಾಡಿ ನೋಡುತ್ತಾರೆ' ಅನ್ನುವ ಮಾತು ಬರುತ್ತದೆ ಅಂತ ಗೊತ್ತು. ಅದರಲ್ಲಿ ಹುರುಳಿಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಕೀಟನಾಶಕದ ಪ್ರಮಾಣ ಲೀಟರಿಗೆ ಇಷ್ಟು ಮಿಲಿ ಅಂತ ವಾರವಾರ ಅಚ್ಚು ಹಾಕುತ್ತೇವೆ. ವಿಷದ ವಿಷಯದಲ್ಲಿ ಪ್ರಮಾಣ ತಿಳಿಸುವುದೇ ಸುರಕ್ಷತೆ, ಬ್ಯಾಟರಿ ವಿಷಯದಲ್ಲಿ ಪ್ರಮಾಣ ಮುಚ್ಚಿಡುವುದು ಸುರಕ್ಷತೆ, ಇದು ಯಾವ ನ್ಯಾಯ?

ಕೈಬಿಟ್ಟ ಬ್ಯಾಟರಿ ಎಲ್ಲಿ ಹೋಗಬೇಕು ಅನ್ನುವುದಕ್ಕೂ ಉತ್ತರ ಬೇಕು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮದ ಪ್ರಕಾರ ವಾಪಸ್ ತೆಗೆದುಕೊಳ್ಳುವ ಹೊಣೆ ತಯಾರಿಸಿದವರದು. ನಮ್ಮ ತಾಲ್ಲೂಕಿನಲ್ಲಿ ಅಂಥ ಒಂದು ಡಬ್ಬಿಯನ್ನೂ ನಾನು ಕಂಡಿಲ್ಲ. ಉಬ್ಬಿದ ಬ್ಯಾಟರಿಗಳು ಅಂಗಡಿಯ ಮೂಲೆಯ ರಟ್ಟಿನ ಪೆಟ್ಟಿಗೆಯಲ್ಲಿ ಒಂದರ ಮೇಲೊಂದು ಬಿದ್ದಿವೆ, ಪಿನ್ನಿಗೆ ಪಿನ್ನು ತಾಗಿಕೊಂಡು. ಪಿನ್ನುಗಳ ಮೇಲೆ ಟೇಪು ಸುತ್ತಿ ಮರಳು ತುಂಬಿದ ತಗಡಿನ ಡಬ್ಬಿಯಲ್ಲಿ ಇಡಿ ಅಂತ ನಾನು ಹೇಳಿ ಬಂದೆ. ಮುಂದೆ ಅದನ್ನು ಒಯ್ಯುವವರು ಯಾರು ಅಂತ ಅವನು ಕೇಳಿದ. ನಗರಸಭೆಯಲ್ಲಿ ಕೇಳಿದರೆ ಅದು ಪರಿಸರ ಇಲಾಖೆಗೆ ಬರುತ್ತದೆ ಅಂದರು. ಈ ಸುದ್ದಿಯನ್ನು ಬೇರೆಯೇ ಬರೆಯಬೇಕು, ಬರೆಯುತ್ತೇನೆ.

ಸದ್ಯಕ್ಕೆ ನಮ್ಮ ಬಳಗದವರಿಗೆ ಒಂದು ಮಾತು. ಮುಂದಿನ ಸಲ 'ಮೊಬೈಲ್ ಸ್ಫೋಟ' ಅಂತ ಫೋನ್ ಬಂದು ಸ್ಥಳಕ್ಕೆ ಹೋದಾಗ ಸುಟ್ಟ ಚಾಪೆಯ ಫೋಟೊ ತೆಗೆಯುವುದರ ಜೊತೆಗೆ ಕೇಳಿ: ಬ್ಯಾಟರಿ ಮೂಲದ್ದಾ, ಬದಲಿಸಿದ್ದಾ? ಮೊದಲೇ ಉಬ್ಬಿತ್ತಾ? ಯಾವ ಚಾರ್ಜರು, ಅದರ ಮೇಲೆ ಎಷ್ಟು ವೋಲ್ಟ್ ಬರೆದಿದೆ? ಹಿಂದಿನ ವಾರ ಯಾರಾದರೂ ಅದನ್ನು ಹಚ್ಚಿ ಎಬ್ಬಿಸಿದ್ದರಾ, ಎಷ್ಟಕ್ಕೆ? ರಿಪೇರಿಯವನ ಹೆಸರು ಹಾಕಿ ಬಯಲಿಗೆಳೆಯುವುದು ಬೇಡ, ಅವನ ಗುಂಡಿ ಎಲ್ಲಿತ್ತು ಎಂಬುದು ಸಾಕು. ಡೆಸ್ಕಿನವರು ಜಾಗ ಇಲ್ಲ ಅಂತ ಕೊನೆಯ ಪ್ಯಾರಾ ಕತ್ತರಿಸುತ್ತಾರೆ, ಅದು ಗೊತ್ತಿದ್ದದ್ದೇ. ವೋಲ್ಟ್ ಎಷ್ಟು ಅನ್ನುವುದನ್ನು ಕೊನೆಯಲ್ಲಿ ಹಾಕಬೇಡಿ, ಎರಡನೇ ಪ್ಯಾರಾದಲ್ಲಿ ಹಾಕಿ.